ಅಜ್ಜಿಯ ಇಳಕಲ್ ಸೀರೆ ಕೈಗೆ ಬಂದಾಗ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಅನೇಕ ಮನೆಗಳಲ್ಲಿ ಅಜ್ಜಿಯ ಟ್ರಂಕಿನಿಂದ ಮೊಮ್ಮಗಳಿಗೆ ಬರುವ ಆಸ್ತಿ ಇಳಕಲ್ ಸೀರೆ. ಇದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಜಾಗವನ್ನು ಎಳೆಯಬೇಡಿ, ಪಿನ್ ಚುಚ್ಚಬೇಡಿ.

ಹಳೆಯ ಸೀರೆ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿರಿ. ಪ್ಲಾಸ್ಟಿಕ್ ಚೀಲ ಬೇಡ. ತೊಳೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಡಾಂಬರ ಗುಳಿಗೆ ಸೀರೆಗೆ ತಾಗದಿರಲಿ.

ಯಾರು ಕೊಟ್ಟದ್ದು, ಯಾವ ಮದುವೆಯಲ್ಲಿ ಉಟ್ಟದ್ದು ಎಂದು ಹಿರಿಯರು ಇರುವಾಗಲೇ ಕೇಳಿ, ಕನ್ನಡದಲ್ಲಿ ಬರೆದು ಸೀರೆಯ ಜೊತೆಗಿಡಿ. ಆ ಚೀಟಿ ಇಲ್ಲದಿದ್ದರೆ ಮುಂದಿನವರಿಗೆ ಅದು ಬರೀ ಹಳೆ ಬಟ್ಟೆ. ಒಂದು ದಿನ ಪಾತ್ರೆ ಮಾರುವವರ ಗಂಟು ಸೇರುತ್ತದೆ.