ಹಿನ್ನೆಲೆ ಗಾಯನದಲ್ಲಿ ಶರೀರ ಮತ್ತು ಶಾರೀರ

ಅಭ್ಯಾಸದ ನೆರವಿಲ್ಲದೆಯೇ ರಾಗವನ್ನು ವ್ಯಕ್ತಪಡಿಸಬಲ್ಲ ಧ್ವನಿಶಕ್ತಿಗೆ ಶಾರೀರವೆಂದು ಹೆಸರು. ಶರೀರದೊಡನೆಯೇ ಹುಟ್ಟುವುದರಿಂದ ಅದಕ್ಕೆ ಆ ಹೆಸರು ಬಂದಿತೆಂದು ಹದಿಮೂರನೆಯ ಶತಮಾನದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ನಿರ್ವಚಿಸಿದ್ದಾನೆ. ಕನ್ನಡದಲ್ಲಿ ಇಂದಿಗೂ ಹಾಡುವ ದನಿಗೆ ಶಾರೀರವೆಂದೇ ರೂಢಿ. ಈ ನಿರ್ವಚನವನ್ನೊಪ್ಪಿದರೆ, ಶರೀರವು ಒಂದೆಡೆಯೂ ಶಾರೀರವು ಇನ್ನೊಂದೆಡೆಯೂ ಇರುವುದೆಂಬ ಮಾತು ವದತೋವ್ಯಾಘಾತವಾಗುವುದು. ಆದರೆ ೧೯೩೫ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯವರು ಬಂಗಾಳಿಯ 'ಭಾಗ್ಯಚಕ್ರ' ಮತ್ತು ಅದರ ಹಿಂದೀ ರೂಪವಾದ 'ಧೂಪ್ ಛಾಂವ್' ಚಿತ್ರಗಳಲ್ಲಿ, ಮೊದಲೇ ಮುದ್ರಿಸಿದ ಹಾಡಿಗೆ ನಟರು ತುಟಿಯಾಡಿಸುವ ಪದ್ಧತಿಯನ್ನು ತಂದ ಮೇಲೆ ಈ ಅಸಂಭವವು ನಿತ್ಯವ್ಯವಹಾರವಾಯಿತು. ಹನ್ನೆರಡು ವರ್ಷಗಳ ತರುವಾಯ ದೇಶವಿಭಾಗವಾದಾಗ ಶರೀರವು ಗಡಿಯ ಒಂದು ಪಕ್ಕವನ್ನು ಸೇರಲೇಬೇಕಾಯಿತು. ಶಾರೀರಕ್ಕೆ ಆ ನಿರ್ಬಂಧವಿರಲಿಲ್ಲ.

ನೂರ್ ಜಹಾನ್ (೧೯೨೬–೨೦೦೦) ಪಂಜಾಬಿನ ಕಸೂರಿನವರು. ಗುಲಾಮ್ ಹೈದರರು ಸಂಗೀತವನ್ನೊದಗಿಸಿದ 'ಖಾನ್‌ದಾನ್' (೧೯೪೨), ನೌಷಾದರ 'ಅನ್‌ಮೋಲ್ ಘಡೀ' (೧೯೪೬) ಮೊದಲಾದ ಚಿತ್ರಗಳಲ್ಲಿ ನಟನೆಯೂ ಗಾನವೂ ಆಕೆಯದೇ. ೧೯೪೭ರಲ್ಲಿ ಆಕೆ ಪಾಕಿಸ್ತಾನಕ್ಕೆ ತೆರಳಿದರು. ಗುಲಾಮ್ ಹೈದರರು ಇನ್ನೂ ಕೆಲವು ಕಾಲ ಮುಂಬಯಿಯಲ್ಲಿದ್ದು, ೧೯೪೮ರ 'ಮಜಬೂರ್' ಚಿತ್ರದಲ್ಲಿ ಇಪ್ಪತ್ತು ತುಂಬದ ಲತಾ ಮಂಗೇಶ್ಕರರಿಂದ ಹಾಡಿಸಿ, ಅನಂತರ ಲಾಹೋರಿಗೆ ಹೋದರು, ೧೯೫೩ರಲ್ಲಿ ತೀರಿಕೊಂಡರು. ಹೊರಟು ನಿಂತವರು, ತಾವು ಬಿಟ್ಟುಹೋಗುವ ನೆಲದಲ್ಲಿ ಒಂದು ಕಂಠವನ್ನು ನೆಲೆಗೊಳಿಸಿ ಹೋದಂತಾಯಿತು. ಲತಾ ಅವರ ಮೊದಮೊದಲ ಹಾಡುಗಳಲ್ಲಿ ನೂರ್ ಜಹಾನರ ಛಾಯೆಯುಂಟೆಂಬುದು ಪ್ರಸಿದ್ಧವಾದ ಮಾತು. ಅದನ್ನು ಅನುಕರಣವೆಂದು ಹಳಿಯುವವರೂ ಉಂಟು, ಛಾಯೆಯೇ ಇಲ್ಲವೆಂದು ವಾದಿಸುವವರೂ ಉಂಟು. ಇಬ್ಬರ ಕಂಠವನ್ನೂ ತಿದ್ದಿ ಹಾಡಿಸಿದ ಸಂಗೀತಕಾರರು ಒಬ್ಬರೇ ಎಂಬುದನ್ನು ಈ ಎರಡು ಪಕ್ಷದವರೂ ಸಾಕಷ್ಟು ಗಮನಿಸಿದಂತೆ ತೋರದು. ಶಾರ್ಙ್ಗದೇವನೂ ಐದು ಬಗೆಯ ಗಾಯಕರಲ್ಲಿ 'ಅನುಕಾರ'ನಿಗೆ ಸ್ಥಾನವನ್ನಿತ್ತಿರುವನಲ್ಲದೆ ಅವನನ್ನು ಕಳ್ಳನೆಂದು ಎಣಿಸಿಲ್ಲ. ಇತ್ತ ಲತಾ ಅವರ ದನಿ ಬಹುಬೇಗ ತನ್ನದೇ ದಾರಿಯನ್ನು ಹಿಡಿಯಿತು. ಅತ್ತ ನೂರ್ ಜಹಾನರು ೧೯೬೦ರ ದಶಕದಲ್ಲಿ ನಟನೆಯನ್ನು ಬಿಟ್ಟು, ಪರರ ತುಟಿಗಳಿಗೆ ಹಾಡನ್ನೊದಗಿಸುವವರಾದರು. ಮುಂಬಯಿಯಲ್ಲಿ ತೆರೆಯ ಮೇಲೆ ಕಾಣಿಸಿಕೊಂಡು ಹಾಡಿದ್ದವರು ಲಾಹೋರಿನಲ್ಲಿ ಅಶರೀರವಾಣಿಯಾದುದು ವಿಚಿತ್ರವಾದ ವಿಪರ್ಯಯ.

ಅಶರೀರವಾಣಿಗೆ ಪರ್ಯಾಯವಾದ 'ಆಕಾಶವಾಣಿ' ಎಂಬುದು ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ ಹೆಸರು. ಅದೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಆದರೆ ೧೯೫೨ರಲ್ಲಿ ಬಿ. ವಿ. ಕೇಸ್ಕರರು ಮಂತ್ರಿಗಳಾದ ಮೇಲೆ ಆ ಬಾನುಲಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಹೊರಬಿದ್ದುವು. ಶ್ರೋತೃಗಳು ರೇಡಿಯೋ ಸಿಲೋನಿನ ಕಡೆಗೆ ಕಿವಿದಿರುಗಿಸಿದರು. ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಹೀಗೆ ಭಾರತದ ಹಾಡನ್ನು ಸಿಂಹಳದಿಂದ ಭಾರತಕ್ಕೆ ಕೇಳಿಸಿತು. ೧೯೫೭ರಲ್ಲಿ 'ವಿವಿಧ ಭಾರತಿ'ಯನ್ನು ತೆರೆದುದು ಈ ಸೋಲಿನ ಅಂಗೀಕಾರವೆನ್ನಬೇಕು. ೧೯೬೫ರ ಯುದ್ಧಾನಂತರ ಪಾಕಿಸ್ತಾನದಲ್ಲಿ ಭಾರತೀಯ ಚಿತ್ರಗಳಿಗೆ ನಿಷೇಧವಾದಾಗಲೂ ಬಾನುಲಿಯ ಅಲೆಗಳನ್ನು ತಡೆಯುವುದಾಗಲಿಲ್ಲ. ನೂರ್ ಜಹಾನರು ಮತ್ತೆ ಮುಂಬಯಿಗೆ ಬಂದುದು ೧೯೮೨ರಲ್ಲಿ, ಮೂವತ್ತೈದು ವರ್ಷಗಳ ಮೇಲೆ. ಆಕೆಯ ಹಾಡುಗಳು ಅಷ್ಟು ಕಾಲವೂ ಆ ನಗರವನ್ನು ಬಿಟ್ಟಿರಲಿಲ್ಲ.

ಅದಕ್ಕೆ ಎರಡು ವರ್ಷ ಮೊದಲು ತೆರೆಕಂಡ 'ಕುರ್ಬಾನಿ'ಯ ಪ್ರಸಂಗವು ಇನ್ನೂ ತೊಡಕಿನದು. ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದ ಫಿರೋಜ್ ಖಾನರು ಬೆಂಗಳೂರಿನಲ್ಲಿ ಹುಟ್ಟಿದವರು. ಅದರ ಒಂದು ಹಾಡಿಗೆ ಸ್ವರಸಂಯೋಜನೆ ಮಾಡಿದ ಬಿದ್ದು ಅವರೂ ಬೆಂಗಳೂರಿನಲ್ಲಿಯೇ ಹುಟ್ಟಿ, ಲಂಡನ್ನಿನಲ್ಲಿ ನೆಲೆಸಿದ್ದವರು. ಹಾಡಿದವಳು ಕರಾಚಿಯಲ್ಲಿ ಜನಿಸಿದ, ಸುಮಾರು ಹದಿನೈದರ ಬಾಲೆ ನಾಜಿಯಾ ಹಸನ್, ಮುದ್ರಣವಾದುದು ಲಂಡನ್ನಿನಲ್ಲಿ, ತೆರೆಯ ಮೇಲೆ ತುಟಿಯಾಡಿಸಿದವರು ಮುಂಬಯಿಯ ಜೀನತ್ ಅಮಾನ್. ಸ್ತ್ರೀಬಾಲರೂ ಗೋಪಾಲರೂ ರಾಜರೂ ತಂತಮ್ಮ ದೇಶದಲ್ಲಿ ಇಚ್ಛೆಯಿಂದ ಹಾಡುವುದೇ ದೇಶೀ ಎಂದು 'ಬೃಹದ್ದೇಶೀ'ಯಲ್ಲಿ ಮತಂಗನ ಅಭಿಪ್ರಾಯ. ಈ ಹಾಡಿನ ದೇಶವಾವುದೆಂದು ಅವನ ಲಕ್ಷಣದಿಂದ ನಿರ್ಣಯಿಸುವುದು ಸುಲಭವಲ್ಲ. ೧೯೮೧ರಲ್ಲಿ ಫಿಲ್ಮ್‌ಫೇರ್‌ನವರು ಆ ವಿಚಾರವನ್ನೆತ್ತದೆ, ಶ್ರೇಷ್ಠ ಹಿನ್ನೆಲೆ ಗಾಯಕಿಯ ಪ್ರಶಸ್ತಿಯನ್ನು ಅವಳಿಗೆ ಕೊಟ್ಟರು.