ಗಣಕಭಾಂಡಾರದ ರಚನಾಕ್ರಮ

ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯು ಕಬ್ಬಿನ ಸೀಮೆಯ ಗ್ರಾಮವು. ಅದರ ಹೆಸರಿನಲ್ಲಿಯೇ ಬೆಲ್ಲವಿರುವುದು. ಹಂಗಾಮಿನಲ್ಲಿ ಗಾಣದ ಮುಂದೆ ಚಕ್ಕಡಿಗಳು ಸಾಲುಗಟ್ಟಿದಾಗ ಅಂಗಳವೆಷ್ಟು ವಿಶಾಲವಾಗಿದ್ದರೂ ಬಾಗಿಲೊಂದೇ ಆದಲ್ಲಿ ಕಡಿದ ಕಬ್ಬು ಒಣಗುವುದು, ಗಾಣವು ಬರಿದೇ ನಿಲ್ಲುವುದು. ಅನೇಕ ಸಂಶೋಧಕರು ಕೂಡಿ ಉಪಯೋಗಿಸುವ ಮಹಾಗಣಕಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಗಣನೆಯ ಯಂತ್ರವು ಎಷ್ಟೇ ಶೀಘ್ರವಾದುದಾದರೂ ಅದಕ್ಕೆ ದತ್ತಾಂಶವನ್ನೊದಗಿಸುವ ಭಾಂಡಾರವು ಮಂದವಾದರೆ ಯಂತ್ರದ ಶಕ್ತಿಯೆಲ್ಲವೂ ವ್ಯರ್ಥವಾಗುವುದು.

ಕರ್ನಾಟಕದಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಲ್ಲಿ 2015ರಲ್ಲಿ ಸ್ಥಾಪಿತವಾದ ‘ಸಹಸ್ರ-ಟಿ’ ಎಂಬ ಕ್ರೇ ಮಹಾಗಣಕಕ್ಕೆ 2 ಪೆಟಾಬೈಟುಗಳ ಶೀಘ್ರಭಾಂಡಾರವನ್ನೂ, 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ಕ್ಕೆ 4 ಪೆಟಾಬೈಟುಗಳ ಭಾಂಡಾರವನ್ನೂ ಜೋಡಿಸಲಾಯಿತು. ಪೆಟಾಬೈಟೆಂದರೆ 1ರ ಮುಂದೆ 15 ಸೊನ್ನೆಗಳಷ್ಟು ಬೈಟುಗಳು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ‘ಕ’ಕಾರವೊಂದಕ್ಕೆ 3 ಬೈಟುಗಳು ಬೇಕಾಗುವುವೆಂದರೆ ಈ ಪ್ರಮಾಣವು ಊಹೆಗೆ ಬರಬಹುದು.

ಇಂತಹ ಭಾಂಡಾರಕ್ಕೆ ವೇಗವು ಹೇಗೆ ಬರುತ್ತದೆ? ಒಂದು ಡಿಸ್ಕು ಕ್ಷಣಕ್ಕೆ, ಅಂದರೆ ಒಂದು ಸೆಕೆಂಡಿಗೆ, 200 ಮೆಗಾಬೈಟುಗಳನ್ನು ಓದುವುದೆಂದು ಇಟ್ಟುಕೊಂಡರೆ, 1 ಟೆರಾಬೈಟನ್ನು ಓದಲು ಅದಕ್ಕೆ 5,000 ಸೆಕೆಂಡುಗಳು ಬೇಕು. ಅದೇ ಗ್ರಂಥವನ್ನು ತುಂಡುತುಂಡಾಗಿ ಮಾಡಿ 100 ಡಿಸ್ಕುಗಳಲ್ಲಿ ಹಂಚಿಟ್ಟು ಏಕಕಾಲದಲ್ಲಿ ಓದಿದರೆ, ನಡುವಿನ ಜಾಲವು ತಡೆಯದಿರುವಲ್ಲಿ, 50 ಸೆಕೆಂಡುಗಳು ಸಾಕು. ಅಂಗಳವನ್ನು ಹಿಗ್ಗಿಸದೆ ಬಾಗಿಲುಗಳನ್ನು ಹೆಚ್ಚಿಸುವುದೇ ಇಲ್ಲಿಯ ಮರ್ಮವು. ‘ಲಸ್ಟರ್’ ಎಂಬ ವ್ಯವಸ್ಥೆಯು ಈ ಕ್ರಮವನ್ನೇ ಅನುಸರಿಸುತ್ತದೆ. ಅದರಲ್ಲಿ ಒಂದು ವರ್ಗದ ಸರ್ವರುಗಳು ತುಂಡುಗಳನ್ನು ಕಾಯುವುವು; ಇನ್ನೊಂದು ವರ್ಗವು ಯಾವ ತುಂಡು ಎಲ್ಲಿದೆಯೆಂಬ ಸೂಚಿಯನ್ನು ಮಾತ್ರ ಕಾಯುವುದು. ಸಂಶೋಧಕನ ಯಂತ್ರವು ಮೊದಲು ಸೂಚಿಯನ್ನು ಕೇಳಿ, ತರುವಾಯ ನೇರವಾಗಿ ತುಂಡುಗಳಿರುವೆಡೆಗೆ ಹೋಗುತ್ತದೆ. ಲಕ್ಷಾಂತರ ಸಣ್ಣ ಫೈಲುಗಳನ್ನು ಒಬ್ಬನೇ ತುಂಬಿದರೆ ಸೂಚಿಯು ಬಳಲಿ ಉಳಿದವರೆಲ್ಲರೂ ಕಾಯಬೇಕಾಗುವುದು. ಆದುದರಿಂದ ಪ್ರತಿಯೊಂದು ಗುಂಪಿಗೂ ಗಾತ್ರದ ಮಿತಿಯನ್ನಲ್ಲದೆ ಫೈಲುಗಳ ಸಂಖ್ಯೆಯ ಮಿತಿಯನ್ನೂ ವಿಧಿಸುವುದು ಯುಕ್ತವು.

ಡಿಸ್ಕುಗಳು ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವವು ಹೆಚ್ಚುವುದು. ಇದಕ್ಕೆ ಪರಿಹಾರವನ್ನು ವೇದಾಧ್ಯಾಯಿಗಳು ಬೇರೊಂದು ರೂಪದಲ್ಲಿ ಬಲ್ಲರು. ಕ್ರಮಪಾಠದಲ್ಲಿ ಮೊದಲನೆಯ ಪದವನ್ನು ಎರಡನೆಯದರೊಡನೆಯೂ, ಎರಡನೆಯದನ್ನು ಮೂರನೆಯದರೊಡನೆಯೂ ಹೇಳುವುದರಿಂದ, ಒಂದೆಡೆ ಪದವು ತಪ್ಪಿದರೆ ಮತ್ತೊಂದೆಡೆಯಿಂದ ಅದು ತಿಳಿಯುವುದು. ಭಾಂಡಾರದಲ್ಲಿ ಸಮಗ್ರ ಪುನರುಕ್ತಿಯ ಬದಲು ಲೆಕ್ಕದ ಶೇಷವನ್ನಿಡುತ್ತಾರೆ. 7 ಮತ್ತು 5ರೊಡನೆ ಅವುಗಳ ಮೊತ್ತವಾದ 12ನ್ನೂ ಬರೆದಿಟ್ಟರೆ, 5 ಅಳಿಸಿಹೋದರೂ 12ರಲ್ಲಿ 7ನ್ನು ಕಳೆದು ಅದನ್ನು ಮರಳಿ ಪಡೆಯಬಹುದಷ್ಟೆ. ‘ರೇಡ್-6’ ಎಂಬ ಕ್ರಮದಲ್ಲಿ ಇಂತಹ ಎರಡು ಶೇಷಗಳಿರುವುದರಿಂದ ಒಂದು ಗುಂಪಿನ ಎರಡು ಡಿಸ್ಕುಗಳು ಕೆಟ್ಟರೂ ದತ್ತಾಂಶವು ನಾಶವಾಗುವುದಿಲ್ಲ.

ಆದರೆ ಇಷ್ಟರಿಂದಲೇ ಸಂರಕ್ಷಣೆಯು ಸಿದ್ಧಿಸಿತೆಂದು ಭಾವಿಸುವುದು ಭ್ರಾಂತಿಯು. ಪ್ರಮಾದದಿಂದ ಅಳಿಸಿದುದನ್ನೂ, ಬೆಂಕಿಗೆ ಆಹುತಿಯಾದುದನ್ನೂ ಯಾವ ಶೇಷವೂ ಮರಳಿ ಕೊಡಲಾರದು. ಮೇಲಾಗಿ ಶೀಘ್ರಭಾಂಡಾರವು ಗಣನೆ ನಡೆಯುವವರೆಗಿನ ತಂಗುದಾಣ. ಹಳೆಯ ಫೈಲುಗಳನ್ನು ಅಲ್ಲಿಂದ ನಿಯತಕಾಲದಲ್ಲಿ ತೆಗೆದುಹಾಕುವುದು ಇಂತಹ ಕೇಂದ್ರಗಳಲ್ಲಿ ರೂಢಿಯಾದ ನಿಯಮ. ಬಾಳಬೇಕಾದುದರ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ, ವಿವರವಾದ ಸೂಚಿಯೊಡನೆ, ಇಡಲೇಬೇಕು.

1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದರು. ತಾಳೆಯ ಗರಿಯ ಪ್ರತಿಯೊಂದು ಅಲ್ಲಿಯ ಪ್ರಾಚ್ಯಕೋಶಾಗಾರವನ್ನು ಸೇರಿ ಉಳಿದುದರಿಂದಲೇ ಅದು ಸಾಧ್ಯವಾಯಿತು. ಓಲೆಗಳ ಛಾಯಾಪ್ರತಿಗಳು ಗಣಕವನ್ನು ಸೇರುತ್ತಿರುವ ಈ ಕಾಲದಲ್ಲಿ ಸಾಹಿತ್ಯಸಂಶೋಧಕರೂ ಈ ವಿವೇಕವನ್ನು ಅರಿತಿರಬೇಕು. ವೇಗವು ಒಂದು ಗುಣ, ಬಾಳಿಕೆಯು ಮತ್ತೊಂದು. ಒಂದಕ್ಕಾಗಿ ಕಟ್ಟಿದ ಭಾಂಡಾರದಿಂದ ಇನ್ನೊಂದನ್ನು ನಿರೀಕ್ಷಿಸಲಾಗದೆಂಬುದೇ ತಾತ್ಪರ್ಯವು.