ದಾಳ ಬೇಡವೇ? ದಾಳವಿಲ್ಲದ ಕಥೆಯಾಟ ಬರೆಯಿರಿ

ಬಳ್ಳಾರಿ ಸೀಮೆಗೆ ಪಾತ್ರ ಕಟ್ಟುವುದು ಹೊಸತಲ್ಲ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿಗೆ ಬಯಲಾಟ ಗೊತ್ತು. ವಕೀಲಿಕೆ ಮಾಡುತ್ತಲೇ ರಂಗಕ್ಕೇರಿದ ಬಳ್ಳಾರಿ ರಾಘವ (1880–1946) ಈ ಊರಿನವರೇ. ಅದೇ ಪಾತ್ರವನ್ನು ಬಣ್ಣ, ಪರದೆ ಯಾವುದೂ ಇಲ್ಲದೆ ನಾಲ್ಕು ಜನ ಚಾಪೆ ಮೇಲೆ ಕೂತು ಬರೀ ಮಾತಿನಲ್ಲಿ ಕಟ್ಟಿದರೆ ಅದು ರೋಲ್‌ಪ್ಲೇಯಿಂಗ್ ಗೇಮ್. ನಾವು ಕಥೆಯಾಟ ಅನ್ನೋಣ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ. ‘ಈಗ ನೀನೇನು ಮಾಡ್ತೀ?’ ಅನ್ನುವ ಪ್ರಶ್ನೆಯ ಮೇಲೆ ಆಟ ಮುಂದೆ ಹೋಗುತ್ತದೆ.

ಮೊಬೈಲಿನಲ್ಲಿ ಇದನ್ನು ನೋಡಿದ ನಮ್ಮ ಮಕ್ಕಳು ಸ್ವಂತ ಆಟ ಬರೆದು ಮಾರಬಹುದೇ? ಮಾರಬಹುದು. ಈ ಬಗೆಯ ಮೊದಲ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದ ಸಣ್ಣ ಊರೊಂದರಲ್ಲಿ ಬಂದದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆ ಆಟದ ಮೊದಲ ಮುದ್ರಣ 1000 ಪ್ರತಿ, ಬೆಲೆ 10 ಡಾಲರ್. ಗೈಗ್ಯಾಕ್ಸ್ ಮನೆಯಲ್ಲೇ ಕೈಯಿಂದ ಪೆಟ್ಟಿಗೆಗೆ ತುಂಬಿದ್ದು! 2023ರ ಜನವರಿಯಲ್ಲಿ ಅದೇ ಆಟದ ಮೂಲ ನಿಯಮಗಳು ‘ಎಸ್‌ಆರ್‌ಡಿ 5.1’ ಹೆಸರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದವು. ಮೂಲವನ್ನು ಹೆಸರಿಸಿ ಅವನ್ನು ಕನ್ನಡಕ್ಕೆ ತಂದು ಮಾರಬಹುದು, ರಾಯಧನ ಇಲ್ಲ.

ಆದರೆ ದಾಳ? ನಮ್ಮ ಮನೆಗಳಲ್ಲಿ ಮಾತು ನಿಲ್ಲುವುದೇ ಇಲ್ಲಿ. ದಾಳದಾಟದ ಬಗ್ಗೆ ಹದೀಸ್‌ನಲ್ಲಿ ಎಚ್ಚರಿಕೆ ಇದೆ, ಹಿರಿಯರು ಬೇಡ ಅಂದರೆ ತಪ್ಪೇನಿಲ್ಲ. ವಿಧಿ ಹೇಳಲು ಉಸ್ತಾದರಿದ್ದಾರೆ. ಆಟ ಬರೆಯುವವರಿಗೆ ಮಾತ್ರ ಬೇರೆ ದಾರಿ ಇದೆ. ಎರಿಕ್ ವುಜ್ಸಿಕ್ 1991ರಲ್ಲಿ ‘ಆ್ಯಂಬರ್’ ಎಂಬ ಆಟವನ್ನು ದಾಳವೇ ಇಲ್ಲದೆ ತಂದರು. ಅಲ್ಲಿ ಯಾರ ಪಾತ್ರಕ್ಕೆ ಯಾವ ಶಕ್ತಿ ಹೆಚ್ಚು ಎಂಬುದು ಮೊದಲೇ ತೀರ್ಮಾನ, ಉಳಿದದ್ದು ಮಾತಿನ ಜಾಣ್ಮೆ. ನನಗಂತೂ ಇದೇ ಹೆಚ್ಚು ರುಚಿಸುತ್ತದೆ. ಒಂದು ಕಥೆ ಹೀಗಿರಲಿ: ಕರಾವಳಿಯ ನಾಲ್ವರು ಬ್ಯಾರಿ ವ್ಯಾಪಾರಿಗಳು ಒಣಮೀನು ಮಾರಿ, ಸಿರುಗುಪ್ಪದ ಅಕ್ಕಿ ಕೊಳ್ಳಲು ಬಂದಿದ್ದಾರೆ. ತುಂಗಭದ್ರೆ ತುಂಬಿದೆ, ಹರಿಗೋಲಿನವನು ದುಪ್ಪಟ್ಟು ಕೇಳುತ್ತಿದ್ದಾನೆ. ಈಗ ನೀನೇನು ಮಾಡ್ತೀ? ಇದನ್ನು ಬ್ಯಾರಿ ಮಾತಿನಲ್ಲೇ ಆಡಿದರೆ ಉಮ್ಮ ಕೂಡ ಪಕ್ಕಕ್ಕೆ ಬಂದು ಕೂರಬಹುದು, ಚೌಕಾಸಿಯಲ್ಲಿ ಅವರನ್ನು ಗೆಲ್ಲುವುದು ಮಾತ್ರ ಕಷ್ಟ.

ಮುದ್ರಣದ ವಿಷಯಕ್ಕೆ ಬಂದರೆ, ಪೆಟ್ಟಿಗೆಗಿಂತ ಪುಸ್ತಕವೇ ವಾಸಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆಟದ ಪೆಟ್ಟಿಗೆಗೆ ಇದೆ. ನಡುವೆ ಪಿನ್ ಹೊಡೆಯುವ ಪುಸ್ತಕವಾದ್ದರಿಂದ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು. 32 ಧಾರಾಳ ಸಾಕು. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಕೃತಿಸ್ವಾಮ್ಯ ಬರೆದಾಗಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಆ ಹಕ್ಕು ನಿಮ್ಮ ಬರಹಕ್ಕೆ, ಆಟದ ಉಪಾಯಕ್ಕಲ್ಲ.

ಮಾರಾಟವೇ ಕಷ್ಟದ ಭಾಗ. ಪ್ರಚಾರಕ್ಕೆ ದುಡ್ಡು ಸುರಿಯಬೇಡಿ. ಬಳ್ಳಾರಿಯ ಜೀನ್ಸ್ ಹೊಲಿಯುವವರನ್ನು ಕೇಳಿ, ಸ್ಯಾಂಪಲ್ ನೋಡದೆ ಯಾರೂ ಸಾವಿರ ಪ್ಯಾಂಟಿಗೆ ಬಟ್ಟೆ ಕತ್ತರಿಸುವುದಿಲ್ಲ. ಮೊದಲು 20 ಪ್ರತಿ ಜೆರಾಕ್ಸ್ ಮಾಡಿಸಿ. ಬೇಸಿಗೆ ರಜೆಯಲ್ಲಿ, ಬಿಸಿಲಿಗೆ ಮಕ್ಕಳು ಹೊರಗೆ ಹೋಗದ ಹೊತ್ತಿನಲ್ಲಿ, ನೆಂಟರ ಮನೆಯಲ್ಲಿ ಆಡಿಸಿ. ನೀವು ಬಾಯಿ ಬಿಡದೆ ಮೂಲೆಯಲ್ಲಿ ಕೂತಿರಿ. ಬೇರೆಯವರು ಪುಸ್ತಕ ಓದಿ ತಾವೇ ಆಟ ನಡೆಸಲಿ. ಎಲ್ಲಿ ತಡವರಿಸುತ್ತಾರೋ ಆ ಪುಟ ತಿದ್ದಿ. ಮುಗಿದ ಮೇಲೆ ‘ಇನ್ನೊಂದು ಸಲ’ ಅಂದವರ ಹೆಸರು ಬರೆದಿಟ್ಟುಕೊಳ್ಳಿ, ಅಚ್ಚಾದ ದಿನ ಮೊದಲ ಫೋನು ಅವರಿಗೆ.